ವೈಫೈ ಕೈಕೊಟ್ಟರೆ ಫಾರ್ಮ್ಯಾಟ್‌ಗೆ ಅವಸರ ಬೇಡ

ಮಗಳ ಸಿಇಟಿ ಅರ್ಜಿ ತುಂಬಲು ಎರಡೇ ದಿನ ಉಳಿದಿದೆ. ಮನೆಯ ಮೊಬೈಲುಗಳಲ್ಲೆಲ್ಲ ವೈಫೈ ಸರಾಗವಾಗಿ ಬರುತ್ತಿದೆ. ಲ್ಯಾಪ್‌ಟಾಪಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ. ಆರ್.ಟಿ. ನಗರವಿರಲಿ, ಯಲಹಂಕವಿರಲಿ, ಇಂಥ ಹೊತ್ತಿನಲ್ಲಿ ನಾವು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ರಿಪೇರಿ ಅಂಗಡಿಗೆ ಕಳುಹಿಸಿಬಿಡುತ್ತೇವೆ. ಅಲ್ಲಿ ಕೆಲವೊಮ್ಮೆ ಸಿಗುವ ಉತ್ತರ, “ಫಾರ್ಮ್ಯಾಟ್ ಮಾಡಬೇಕು.” ವೈಫೈ ಮರಳಿ ಬರಬಹುದು. ಆದರೆ ಬೇರೆಡೆ ಪ್ರತಿ ಇಡದ ಮದುವೆಯ ಫೋಟೋಗಳು, ಮಕ್ಕಳ ಅಂಕಪಟ್ಟಿಗಳು ಮರಳಿ ಬರುವುದಿಲ್ಲ. ಹೀಗಾಗಿ ಅಂಗಡಿಗೆ ಹೋಗುವ ಮೊದಲು ಅರ್ಧ ಗಂಟೆ ನೀವೇ ಪ್ರಯತ್ನಿಸಿ ನೋಡಿರಿ.

ತುರ್ತು ಕೆಲಸವಿದ್ದರೆ ಮೊದಲು ಅದನ್ನು ಮುಗಿಸಿಕೊಳ್ಳಿರಿ. ಆಂಡ್ರಾಯ್ಡ್ ಮೊಬೈಲನ್ನು ಅದರ ಯುಎಸ್‌ಬಿ ವೈರಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟ್ಟಿಂಗ್‌ನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿರಿ. ವೈಫೈ ಇಲ್ಲದೆಯೂ ಇಂಟರ್‌ನೆಟ್ ಸಿಗುತ್ತದೆ. ರೂಟರ್‌ನಿಂದ ಲ್ಯಾನ್ ವೈರ್ ಎಳೆದರೂ ಆಗುತ್ತದೆ.

ಇನ್ನು ದೋಷ ಹುಡುಕೋಣ.

1. ಸ್ವಿಚ್: ಏರೋಪ್ಲೇನ್ ಮೋಡ್ ಆನ್ ಆಗಿದೆಯೇ ನೋಡಿರಿ. ಕೀಬೋರ್ಡಿನ ಮೇಲಿನ ಸಾಲಿನಲ್ಲಿ ವಿಮಾನ ಅಥವಾ ಆಂಟೆನಾ ಚಿತ್ರದ ಕೀಲಿ ಇರುತ್ತದೆ. ಮಕ್ಕಳ ಕೈತಾಗಿ ಅದು ಒತ್ತಿಹೋಗುವುದುಂಟು. ಕೆಲವು ಹಳೆಯ ಲ್ಯಾಪ್‌ಟಾಪ್‌ಗಳ ಅಂಚಿನಲ್ಲಿ ವೈಫೈಗೆಂದೇ ಪುಟ್ಟ ಸ್ವಿಚ್ ಇರುತ್ತದೆ.

2. ರೀಸ್ಟಾರ್ಟ್: ‘ಶಟ್ ಡೌನ್’ ಮಾಡಿ ಮತ್ತೆ ಆನ್ ಮಾಡಿದರೆ ಸಾಲದು. ವಿಂಡೋಸ್ 8ರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ ಬೇಗ ತೆರೆದುಕೊಳ್ಳಲೆಂದು ವ್ಯವಸ್ಥೆಯ ಒಂದು ಭಾಗವನ್ನು ಹಾಗೆಯೇ ಉಳಿಸಿಕೊಳ್ಳಲಾಗುತ್ತದೆ. ಅದರೊಂದಿಗೆ ಹಳೆಯ ತೊಡಕೂ ಉಳಿಯಬಹುದು. ‘ರೀಸ್ಟಾರ್ಟ್’ ಒತ್ತಿದರೆ ಮಾತ್ರ ಎಲ್ಲವೂ ಹೊಸದಾಗಿ ಆರಂಭವಾಗುತ್ತದೆ.

3. ಸರ್ವಿಸ್: ವಿಂಡೋಸ್‌ನಲ್ಲಿ ತೆರೆಮರೆಯಲ್ಲಿ ದುಡಿಯುವ ಅನೇಕ ಪ್ರೋಗ್ರಾಮ್‌ಗಳಿವೆ. ಅವನ್ನು ಸರ್ವಿಸ್ ಎನ್ನುತ್ತಾರೆ. ವೈಫೈ ನೋಡಿಕೊಳ್ಳುವ ಸರ್ವಿಸ್‌ನ ಹೆಸರು ‘ಡಬ್ಲ್ಯುಲ್ಯಾನ್ ಆಟೋಕಾನ್ಫಿಗ್’. ಅದು ನಿಂತರೆ ಯಂತ್ರ ಸರಿಯಿದ್ದರೂ ವೈಫೈ ಕಾಣಿಸದು. ಸ್ಟಾರ್ಟ್ ಮೆನುವಿನಲ್ಲಿ ಇಂಗ್ಲಿಷಿನಲ್ಲಿ ‘ಸರ್ವಿಸಸ್’ ಎಂದು ಟೈಪ್ ಮಾಡಿ, ತೆರೆಯುವ ಪಟ್ಟಿಯ ಕೊನೆಯ ಭಾಗದಲ್ಲಿ ಈ ಹೆಸರನ್ನು ಹುಡುಕಿರಿ. ಎರಡು ಬಾರಿ ಕ್ಲಿಕ್ ಮಾಡಿ, ‘ಸ್ಟಾರ್ಟಪ್ ಟೈಪ್’ ಎಂಬಲ್ಲಿ ‘ಆಟೋಮ್ಯಾಟಿಕ್’ ಆರಿಸಿ, ‘ಅಪ್ಲೈ’ ಒತ್ತಿ, ಬಳಿಕ ‘ಸ್ಟಾರ್ಟ್’ ಒತ್ತಿರಿ.

ಆಗಲೂ ಶುರುವಾಗದೆ ‘ಎರರ್ 1068’ ಎಂದು ಬಂದರೆ ಗಾಬರಿಯಾಗಬೇಡಿರಿ. ರೆಗ್ಯುಲೇಟರ್ ಮುಚ್ಚಿದ್ದರೆ ಒಲೆ ಹತ್ತುವುದಿಲ್ಲ, ಅದು ಒಲೆಯ ತಪ್ಪಲ್ಲ. ಇಲ್ಲಿಯೂ ಹಾಗೆಯೇ, ವೈಫೈ ಸರ್ವಿಸ್ ನೆಚ್ಚಿಕೊಂಡ ಇನ್ನೊಂದು ಶುರುವಾಗಿಲ್ಲ ಎಂದು ಅರ್ಥ. ಅದೇ ಕಿಟಕಿಯ ‘ಡಿಪೆಂಡೆನ್ಸೀಸ್’ ಭಾಗದಲ್ಲಿ ಅವುಗಳ ಪಟ್ಟಿಯಿದೆ. ಅದರಲ್ಲಿರುವ ‘ವಿಂಡೋಸ್ ಕನೆಕ್ಷನ್ ಮ್ಯಾನೇಜರ್’ ಅನ್ನು ಸರ್ವಿಸ್‌ಗಳ ಪಟ್ಟಿಯಲ್ಲಿ ಹುಡುಕಿ ಮೊದಲು ಸ್ಟಾರ್ಟ್ ಮಾಡಿ, ಬಳಿಕ ಇದನ್ನು ಮಾಡಿರಿ. ಪರಿಚಯವಿಲ್ಲದ ಬೇರೆ ಸರ್ವಿಸ್‌ಗಳನ್ನು ಮುಟ್ಟಬೇಡಿರಿ.

4. ಡ್ರೈವರ್: ಸ್ಟಾರ್ಟ್ ಗುಂಡಿಯ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ನೆಟ್‌ವರ್ಕ್ ಅಡಾಪ್ಟರ್ಸ್’ ಕೆಳಗೆ ವೈಫೈ ಅಥವಾ ವೈರ್‌ಲೆಸ್ ಎಂದಿರುವ ಸಾಲಿನಲ್ಲಿ ಕೆಳಮುಖ ಬಾಣವಿದ್ದರೆ ಬಲ ಕ್ಲಿಕ್ ಮಾಡಿ ‘ಎನೇಬಲ್’ ಒತ್ತಿರಿ. ಹಳದಿ ಗುರುತಿದ್ದರೆ ಡ್ರೈವರ್ ಕೆಟ್ಟಿರಬಹುದು. ಲ್ಯಾಪ್‌ಟಾಪ್ ತಯಾರಿಸಿದ ಕಂಪೆನಿಯ ವೆಬ್‌ಸೈಟಿನಿಂದಲೇ ನಿಮ್ಮ ಮಾಡೆಲ್‌ನ ಡ್ರೈವರ್ ಇಳಿಸಿಕೊಳ್ಳಿರಿ. ಸಾಲೇ ಕಾಣದಿದ್ದರೆ ಒಳಗಿನ ವೈಫೈ ಕಾರ್ಡ್ ಸಡಿಲವಾಗಿರಬಹುದು ಅಥವಾ ಕೆಟ್ಟಿರಬಹುದು. ಕೆಟ್ಟಿದ್ದರೂ ಯುಎಸ್‌ಬಿಗೆ ಸಿಕ್ಕಿಸುವ ಪುಟ್ಟ ವೈಫೈ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ.

5. ನೆಟ್‌ವರ್ಕ್ ರೀಸೆಟ್: ವಿಂಡೋಸ್ 10 ಮತ್ತು 11ರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಇದು ಸಿಗುತ್ತದೆ. ಫೋಟೋ, ಫೈಲುಗಳಿಗೆ ಇದರಿಂದ ತೊಂದರೆಯಿಲ್ಲ. ವೈಫೈ ಪಾಸ್‌ವರ್ಡ್‌ಗಳು ಮಾತ್ರ ಅಳಿಯುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿರಿ.

ಇನ್ನೊಂದು ಮಾತು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಆನ್‌ಲೈನ್ ಆದಾಗ ಅನೇಕ ಮನೆಗಳಿಗೆ ಲ್ಯಾಪ್‌ಟಾಪ್ ಬಂತು. ಅವುಗಳಲ್ಲಿ ವಿಂಡೋಸ್ 10 ಇರುವುದೇ ಹೆಚ್ಚು. ಮೈಕ್ರೋಸಾಫ್ಟ್ ಅದಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸುರಕ್ಷತೆಯ ದೃಷ್ಟಿಯಿಂದ ಇದು ಗಂಭೀರ ವಿಷಯವೇ. ಆದರೆ ವೈಫೈ ನಿಲ್ಲಲು ಅದೇ ಕಾರಣವಲ್ಲ. ಆ ಮಾತು ನಂಬಿ ಅವಸರದಲ್ಲಿ ಹೊಸದನ್ನು ಕೊಳ್ಳಬೇಡಿರಿ.

ಇಷ್ಟಾದರೂ ಆಗದಿದ್ದರೆ ಅಂಗಡಿಗೆ ಕೊಡಲೇಬೇಕು. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಮನೆಯ ಹೆಣ್ಣುಮಕ್ಕಳ ಫೋಟೋಗಳಿರುತ್ತವೆ, ಬ್ಯಾಂಕಿನ ವಿವರಗಳಿರುತ್ತವೆ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಅಥವಾ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿಟ್ಟುಕೊಂಡು, ಖಾಸಗಿಯಾದುದನ್ನು ಲ್ಯಾಪ್‌ಟಾಪಿನಿಂದಲೂ ರೀಸೈಕಲ್ ಬಿನ್‌ನಿಂದಲೂ ತೆಗೆಯಿರಿ. ಇಮೇಲ್ ಖಾತೆಗಳಿಂದ ಹೊರಬನ್ನಿರಿ, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಅಳಿಸಿರಿ. ‘ಕೇಳದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿಯಲ್ಲೇ ಬರೆಸಿಕೊಳ್ಳಿರಿ. ಸಾಧ್ಯವಾದರೆ ಎದುರಿಗೇ ಕುಳಿತು ಮಾಡಿಸಿರಿ. ಆಗ ಮುಂದಿನ ಬಾರಿ ಆ ಕೆಲಸ ನೀವೇ ಮಾಡಿಕೊಳ್ಳಬಲ್ಲಿರಿ.