ಹಳೆಯ ಜೀಪಿಗೆ ಹೊಸ ನಾಜಲು: ಮೊದಲು ಪರೀಕ್ಷೆ, ಆಮೇಲೆ ಖರೀದಿ



ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನಮ್ಮ ಸಂಘದ ಡಿಪೋ ಮುಂದೆ ಬಂದು ನಿಲ್ಲುವ ಹಳೆಯ ಜೀಪುಗಳಲ್ಲಿ ಹೊಗೆ ಉಗುಳದ ಜೀಪು ಸಿಗುವುದು ಅಪರೂಪ. ಹೊಗೆ ಕಂಡ ಕೂಡಲೇ ಪಕ್ಕದಲ್ಲಿ ನಿಂತವರು ಹೇಳುವ ಮಾತೂ ಒಂದೇ: "ನಾಜಲು ಹೋಗಿದೆ ಮಾರಾಯ್ರೆ, ನಾಲ್ಕೂ ಬದಲಾಯಿಸಿಬಿಡಿ." ಹೇಳುವವರಿಗೆ ಖರ್ಚಿಲ್ಲ. ಕೇಳಿಸಿಕೊಂಡವರು ಮಾತ್ರ ಪೇಟೆಗೆ ಹೋಗಿ, ಅಂಗಡಿಯವರು ಕೊಟ್ಟ ಡಬ್ಬಿಯನ್ನು ತಂದು ಹಾಕಿಸಿಕೊಳ್ಳುತ್ತಾರೆ. ನಾವೂ ಹಾಗೆಯೇ ಮಾಡಿದವರು. ಅದರಿಂದ ಕಲಿತ ಪಾಠವನ್ನು ಮುಚ್ಚುಮರೆಯಿಲ್ಲದೆ ಹೇಳುವುದು, ಅದರ ಜೊತೆಗೆ ಸಂಘದ ಮುಂದೆ ಒಂದು ಸಲಹೆ ಇಡುವುದು ಈ ಲೇಖನದ ಉದ್ದೇಶ.

ಎರಡು ವರ್ಷದ ಹಿಂದಿನ ಮಾತು. ಕಾಫಿ ಕೊಯ್ಲಿನ ನಡುವೆ ನಮ್ಮ ಜೀಪು ಕಪ್ಪು ಹೊಗೆ ಬಿಡತೊಡಗಿತು, ಇಂಜಿನ್ನಿನಲ್ಲಿ ಕುಟ್ಟುವ ಸದ್ದೂ ಬಂತು. ಆಳುಗಳಿಗೆ ಕೂಲಿ ಬಟವಾಡೆಯ ವಾರ, ಕೈ ಬಿಗಿ. ಪೇಟೆಯ ಒಂದು ಅಂಗಡಿಯಲ್ಲಿ ಕಡಿಮೆ ಬೆಲೆಗೆ ನಾಲ್ಕು ನಾಜಲು ಕೊಂಡೆವು. ಹಳೆಯದರ ಮೇಲಿದ್ದ ನಂಬರು ನೋಡಲಿಲ್ಲ, ಹೊಸದರ ನಂಬರೂ ನೋಡಲಿಲ್ಲ, ಬಿಲ್ಲನ್ನೂ ಕೇಳಲಿಲ್ಲ. ಸಮತಟ್ಟಿನ ರಸ್ತೆಯಲ್ಲಿ ಜೀಪು ಚೆನ್ನಾಗಿಯೇ ಓಡಿತು. ಏರಿನಲ್ಲಿ ಎಳೆತ ಕಡಿಮೆಯಾದದ್ದು ಗಮನಕ್ಕೆ ಬಂದರೂ "ಹಳೆ ಗಾಡಿ, ಇಷ್ಟೇ" ಎಂದು ಸುಮ್ಮನಾದೆವು.

ಅದೇ ವರ್ಷ ಆಷಾಢದ ಒಂದು ರಾತ್ರಿ ನಮ್ಮ ಲೈನುಮನೆಯ ಗರ್ಭಿಣಿಯೊಬ್ಬರಿಗೆ ನೋವು ಕಾಣಿಸಿಕೊಂಡಿತು. ಜೀಪಿನಲ್ಲಿ ಕೂರಿಸಿಕೊಂಡು ಹೊರಟೆವು. ತೋಟದ ರಸ್ತೆಯ ಕಡೇ ಏರಿನಲ್ಲಿ ಇಂಜಿನು ಎರಡೇ ಸಿಲಿಂಡರಿನಲ್ಲಿ ತಡವರಿಸಿ ನಿಂತೇಹೋಯಿತು. ಸುರಿಯುವ ಮಳೆಯಲ್ಲಿ ಕುರ್ಚಿಯ ಮೇಲೆ ಹೊತ್ತು ಆಕೆಯನ್ನು ಡಾಂಬರು ರಸ್ತೆಗೆ ತಲುಪಿಸಿದೆವು. ನೆರೆಯ ತೋಟದವರ ಗಾಡಿ ಬಂದಿತು. ತಾಯಿ ಮಗು ಇಬ್ಬರೂ ಕ್ಷೇಮ. ಆದರೆ ಆ ಅರ್ಧ ಗಂಟೆ ನಮಗೆ ಇಂದಿಗೂ ಮರೆಯದು.

ಆಮೇಲೆ ಪಂಪು ಮತ್ತು ನಾಜಲು ಪರೀಕ್ಷಿಸುವ ಅಂಗಡಿಗೆ ಹೊಸ ನಾಲ್ಕು ನಾಜಲುಗಳ ಜೊತೆ, ಗೋಣಿಚೀಲದಲ್ಲಿ ಎಸೆದಿಟ್ಟಿದ್ದ ಹಳೆಯ ನಾಲ್ಕನ್ನೂ ಒಯ್ದೆವು. ಹೊಸತರಲ್ಲಿ ಎರಡು ತೊಟ್ಟಿಕ್ಕುತ್ತಿದ್ದವು. ಹಳೆಯದರಲ್ಲಿ ಮೂರು ಸರಿಯಾಗಿದ್ದವು, ಒಂದರ ಸೂಜಿ ಮಾತ್ರ ಸಿಕ್ಕಿಕೊಂಡಿತ್ತು. ಇನ್ನೂ ನಾಚಿಕೆಯ ಸಂಗತಿ ಎಂದರೆ ಏರ್ ಫಿಲ್ಟರಿನ ತಟ್ಟೆಯಲ್ಲಿದ್ದ ಎಣ್ಣೆ ಕೆಸರಾಗಿತ್ತು. ಕಪ್ಪು ಹೊಗೆಯ ಬಹುಪಾಲು ಅಲ್ಲಿಂದಲೇ ಬರುತ್ತಿತ್ತು. ಒಂದು ನಾಜಲು ಮತ್ತು ಸ್ವಲ್ಪ ಎಣ್ಣೆಯಿಂದ ಮುಗಿಯಬೇಕಿದ್ದ ಕೆಲಸಕ್ಕೆ ನಾವು ಎರಡು ಸಲ ಹಣ ಕೊಟ್ಟೆವು.

ನಾಜಲಿನ ಕೆಲಸ ಬೆಳೆಗಾರರಿಗೆ ಹೊಸದಾಗಿ ವಿವರಿಸಬೇಕಾದದ್ದಲ್ಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಸ್ಪ್ರೇಯರಿನ ತುದಿ ಸವೆದಿದ್ದರೆ ದ್ರಾವಣ ಮಂಜಿನಂತೆ ಹರಡದೆ ಧಾರೆಯಾಗಿ ಸುರಿಯುತ್ತದೆ, ಗೊನೆಗೆ ಹಿಡಿಯುವುದಿಲ್ಲ, ದ್ರಾವಣವೂ ದಂಡ. ಡೀಸೆಲ್ ಇಂಜಿನ್ನಿನಲ್ಲೂ ಹಾಗೆಯೇ. ಮಂಜಾದ ಡೀಸೆಲ್ ಪೂರ್ತಿ ಉರಿಯುತ್ತದೆ, ಹನಿಯಾದದ್ದು ಅರ್ಧ ಉರಿದು ಹೊಗೆಯಾಗುತ್ತದೆ. ತೊಟ್ಟಿಕ್ಕುವ ನಾಜಲನ್ನು ಹಾಗೇ ಓಡಿಸಿದರೆ ಪಿಸ್ಟನ್ನಿನ ತಲೆ ಸುಡಬಹುದು. ಉರಿಯದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಇಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲು ನೋಡುವ ಕಡ್ಡಿಯಲ್ಲಿ ಮಟ್ಟ ತಾನಾಗಿ ಏರಿದ್ದು ಕಂಡರೆ, ಡೀಸೆಲ್ ವಾಸನೆ ಬಂದರೆ ತಡಮಾಡಬಾರದು.

ಆದರೆ ಎಲ್ಲ ಹೊಗೆಯೂ ನಾಜಲಿನದ್ದಲ್ಲ ಎಂಬುದು ನೆನಪಿರಲಿ. ಕಪ್ಪು ಹೊಗೆಗೆ ಕಟ್ಟಿಕೊಂಡ ಏರ್ ಫಿಲ್ಟರೂ ಪಂಪಿನ ಟೈಮಿಂಗೂ ಕಾರಣವಾಗಬಹುದು. ಬೆಳಗಿನ ಬಿಳಿ ಹೊಗೆಗೆ ಹೀಟರ್ ಪ್ಲಗ್ಗು ಕೆಟ್ಟಿರುವುದು ಅಥವಾ ಕಂಪ್ರೆಶನ್ ಇಳಿದಿರುವುದು ಕಾರಣವಿರಬಹುದು. ನೀಲಿ ಹೊಗೆ ಎಂದರೆ ಇಂಜಿನ್ ಆಯಿಲು ಉರಿಯುತ್ತಿದೆ ಎಂದರ್ಥ. ನಾಜಲು ಬದಲಾಯಿಸಿ ನೀಲಿ ಹೊಗೆ ನಿಲ್ಲಿಸಲು ಹೋಗುವುದು ತಲೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದಂತೆ.

ಯಾವ ಸಿಲಿಂಡರಿನ ನಾಜಲು ಕೆಟ್ಟಿದೆ ಎಂದು ತಿಳಿಯಲು ನಮ್ಮ ಮೆಕ್ಯಾನಿಕ್ಕುಗಳು ಬಳಸುವ ಹಳೆಯ ಉಪಾಯ ಒಳ್ಳೆಯದೇ. ಇಂಜಿನು ನಿಧಾನವಾಗಿ ಓಡುತ್ತಿರುವಾಗ ಒಂದೊಂದೇ ಪೈಪಿನ ನಟ್ಟನ್ನು ಸಡಿಲಿಸುವುದು. ಸದ್ದು ಬದಲಾದರೆ ಆ ಸಿಲಿಂಡರು ದುಡಿಯುತ್ತಿದೆ. ಬದಲಾಗದಿದ್ದರೆ ದೋಷ ಅಲ್ಲಿದೆ. ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಈ ಉಪಾಯ ಹಳೆಯ ಮೆಕ್ಯಾನಿಕಲ್ ಪಂಪಿನ ಗಾಡಿಗಳಿಗೆ ಮಾತ್ರ. ಈಗಿನ ಕಾಮನ್ ರೈಲ್ ಗಾಡಿಗಳ ಪೈಪಿನಲ್ಲಿ ಸಾವಿರ ಬಾರಿಗೂ ಮೇಲ್ಪಟ್ಟ ಒತ್ತಡ ಇರುತ್ತದೆ, ಇಂಜಿನು ಓಡುವಾಗ ಅದರ ನಟ್ಟನ್ನು ಮುಟ್ಟಲೇಬಾರದು. ಎರಡನೆಯದಾಗಿ, ಯಾವ ನಾಜಲಿನ ತುದಿಗೂ ಕೈ ಅಡ್ಡ ಹಿಡಿಯಬಾರದು. ಧಾರೆ ಚರ್ಮವನ್ನು ತೂರಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಮನೆಮದ್ದು ಮಾಡಿ ಕಾದರೆ ಬೆರಳನ್ನೇ ಕಳೆದುಕೊಳ್ಳುವ ಅಪಾಯವಿದೆ.

ಇನ್ನು ಆಯ್ಕೆಯ ವಿಚಾರ. ಜೀಪುಗಳೆಲ್ಲ ಹೊರಗಿನಿಂದ ಒಂದೇ ಬಗೆ ಕಂಡರೂ ಒಳಗಿನ ಇಂಜಿನು ಬೇರೆ ಬೇರೆ. ಮಹೀಂದ್ರ ಎಂಎಂ 540ರಲ್ಲಿ ಬಂದ ಪೆಜೋ ಎಕ್ಸ್‌ಡಿಪಿ 4.90 ಇಂಜಿನ್ನಿನಲ್ಲಿ ಡೀಸೆಲ್ಲು ಮೊದಲು ಒಂದು ಪುಟ್ಟ ಕೋಣೆಯೊಳಗೆ ಸಿಡಿದು, ಉರಿ ಅಲ್ಲಿಂದ ಸಿಲಿಂಡರಿಗೆ ಬರುತ್ತದೆ. ಇದಕ್ಕೆ ತುದಿಯಲ್ಲಿ ಒಂದೇ ರಂಧ್ರವಿದ್ದು ಅದರೊಳಗೆ ಸೂಜಿಯ ಮೊನೆ ಆಡುವ ಪಿಂಟಲ್ ನಾಜಲು ಬೇಕು. ಡಿಐ ಎಂದು ಕರೆಯುವ ಇಂಜಿನ್ನುಗಳಲ್ಲಿ ಡೀಸೆಲ್ಲು ನೇರವಾಗಿ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಅದಕ್ಕೆ ಸಣ್ಣ ಸಣ್ಣ ಹಲವು ರಂಧ್ರಗಳ ನಾಜಲು. ತೆರೆಯುವ ಒತ್ತಡವೂ ಬೇರೆ. ಸಾಮಾನ್ಯವಾಗಿ ಮೊದಲನೆಯ ಬಗೆಗೆ 115ರಿಂದ 150 ಬಾರ್, ಎರಡನೆಯದಕ್ಕೆ 175ರಿಂದ 250 ಬಾರ್ ಇರುತ್ತದೆ. ನಮ್ಮ ಇಂಜಿನ್ನಿಗೆ ಎಷ್ಟು ಎಂಬುದನ್ನು ಮಾತ್ರ ಅದರ ಕೈಪಿಡಿ ನೋಡಿಯೇ ಗೊತ್ತುಮಾಡಬೇಕು. ಗ್ಯಾರೇಜಿನಲ್ಲಿ "ಕೆ.ಜಿ." ಎಂದರೂ ಲೆಕ್ಕ ಹತ್ತಿರ ಹತ್ತಿರ ಅದೇ.

ಪೆಟ್ರೋಲ್ ಇಂಜಿನು ತೆಗೆದು ಡೀಸೆಲ್ ಕೂರಿಸಿದ ಜೀಪುಗಳೂ ನಮ್ಮಲ್ಲಿ ಇವೆ. ಆದ್ದರಿಂದ "ಇಂಥ ಮಾಡೆಲಿನ ಜೀಪಿಗೆ ಒಂದು ಸೆಟ್ಟು ಕೊಡಿ" ಎಂದು ಕೇಳಬಾರದು. ನಾಜಲಿನ ಮೈಮೇಲೆ ಕೆತ್ತಿದ ನಂಬರನ್ನು ಓದಬೇಕು. ಬಾಷ್ ಪದ್ಧತಿಯ ನಂಬರಿನಲ್ಲಿ ಡಿಎನ್ ಎಂದು ಶುರುವಾದರೆ ಅದು ಪಿಂಟಲ್, ಡಿಎಲ್‌ಎಲ್‌ಎ ಎಂದು ಶುರುವಾದರೆ ಹಲವು ರಂಧ್ರದ್ದು. ಅಕ್ಷರಗಳ ಮುಂದಿನ ಅಂಕೆ ಡೀಸೆಲ್ಲು ಹರಡುವ ಕೋನವನ್ನು ಹೇಳುತ್ತದೆ. ಗಾತ್ರ ಒಂದೇ ಇದ್ದು ಹೋಲ್ಡರಿನಲ್ಲಿ ಸಲೀಸಾಗಿ ಕೂರುವ ನಾಜಲುಗಳಲ್ಲೂ ಈ ಕೋನ ಬೇರೆ, ರಂಧ್ರ ಬೇರೆ ಇರುತ್ತದೆ. ಕೂತಿತು ಎಂದ ಮಾತ್ರಕ್ಕೆ ಸರಿಯಾಯಿತು ಎಂದಲ್ಲ. ಹಿಂದಿನ ಮಾಲೀಕರು ತಪ್ಪು ನಾಜಲು ಹಾಕಿಸಿದ್ದಿರಲೂಬಹುದು. ಹಾಗಾಗಿ ನಾಜಲಿನ ನಂಬರು, ಪಂಪಿನ ಮೇಲಿನ ಫಲಕ, ಇಂಜಿನ್ನಿನ ಕೈಪಿಡಿ, ಮೂರನ್ನೂ ತಾಳೆ ನೋಡುವುದು ಕ್ಷೇಮ.

ನಮ್ಮ ನಾಡಿನಲ್ಲಿ ಈ ಸಾಮಾನಿನ ಹೆಸರು ಹೇಳುವಾಗ ಮೈಕೋ ಎನ್ನದವರಿಲ್ಲ. 1951ರಲ್ಲಿ ಆರಂಭವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಬೆಂಗಳೂರಿನ ಕಾರ್ಖಾನೆಯ ಪಂಪು, ನಾಜಲುಗಳನ್ನು ನಮ್ಮ ಹಿರಿಯರೂ ಬಳಸಿದ್ದಾರೆ. ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡಿತು. ಆದ್ದರಿಂದ ಈಗ ಯಾರಾದರೂ ನಿನ್ನೆ ಅಚ್ಚಾದಂತೆ ಹೊಳೆಯುವ ಮೈಕೋ ಡಬ್ಬಿ ತೋರಿಸಿದರೆ ಅದು ಹಳೆಯ ದಾಸ್ತಾನೋ ನಕಲೋ ಎಂದು ವಿಚಾರಿಸಿಯೇ ಹಣ ಕೊಡಬೇಕು. ಬಿಲ್ಲಿನಲ್ಲಿ ನಾಜಲಿನ ಪೂರ್ತಿ ನಂಬರು ಬರೆಸಿಕೊಳ್ಳಬೇಕು. ನಂಬರು ಬರೆಯಲು ಹಿಂಜರಿಯುವ ಅಂಗಡಿಯಿಂದ ಬರಿಗೈಯಲ್ಲಿ ಹೊರಬರುವುದೇ ಲಾಭ.

ಈಗ ನಮ್ಮ ಮುಂದೆ ಇರುವ ದಾರಿ ಮೂರು. ಮೂಲ ತಯಾರಕರ ಹೊಸ ನಾಜಲು, ಅಂಗಡಿಯಲ್ಲಿ ರಿಪೇರಿ ಮಾಡಿ ಕೊಡುವ ಹಳೆಯದು, ಮತ್ತು ಹೆಸರಿಲ್ಲದ ಅಗ್ಗದ ಸೆಟ್ಟು. ನಮ್ಮ ಅಭಿಪ್ರಾಯದಲ್ಲಿ ಹಳೆಯ ಹೋಲ್ಡರನ್ನು ಉಳಿಸಿಕೊಂಡು, ಪರೀಕ್ಷೆಯಲ್ಲಿ ಸೋತ ನಾಜಲನ್ನು ಮಾತ್ರ ಮೂಲ ತಯಾರಕರ ಅದೇ ನಂಬರಿನ ನಾಜಲಿನಿಂದ ಬದಲಾಯಿಸುವುದೇ ಸಣ್ಣ ಹಿಡುವಳಿದಾರನಿಗೆ ಒಪ್ಪುವ ದಾರಿ. ನಾಲ್ಕೂ ಬಹಳ ಓಡಿ ಸವೆದಿದ್ದರೆ ನಾಲ್ಕನ್ನೂ ಬದಲಾಯಿಸಲಿ. ಹೇಗಿದ್ದರೂ ನಾಲ್ಕನ್ನೂ ಒಂದೇ ಒತ್ತಡಕ್ಕೆ ಹೊಂದಿಸಿಯೇ ಕೂರಿಸಬೇಕು. ರಿಪೇರಿಯಾದದ್ದನ್ನು ಕೊಳ್ಳುವುದಾದರೆ ಒಂದೊಂದಕ್ಕೂ ಪರೀಕ್ಷೆಯ ಚೀಟಿ ಕೇಳಬೇಕು. ಅಗ್ಗದ ಸೆಟ್ಟಿನ ಬೆಲೆಯನ್ನು ನಾವು ಆ ಮಳೆಯ ರಾತ್ರಿ ಕೊಟ್ಟಾಗಿದೆ. ಮತ್ತೆ ಬೇಡ.

"ರಂಧ್ರ ದೊಡ್ಡದಿರುವ ನಾಜಲು ಹಾಕಿದರೆ ಎಳೆತ ಜಾಸ್ತಿ" ಎಂಬ ಮಾತೂ ಕೇಳಿಬರುತ್ತದೆ. ಈ ಹಳೆಯ ಇಂಜಿನ್ನುಗಳಲ್ಲಿ ಎಷ್ಟು ಡೀಸೆಲ್ ಹೋಗಬೇಕು ಎಂದು ಅಳೆಯುವುದು ಪಂಪು, ನಾಜಲಲ್ಲ. ರಂಧ್ರ ದೊಡ್ಡದಾದರೆ ಹನಿ ದಪ್ಪವಾಗುತ್ತದೆ, ಹೊಗೆ ಹೆಚ್ಚುತ್ತದೆ, ಅಷ್ಟೆ.

ಕೂರಿಸುವಾಗಿನ ಸಣ್ಣ ಕೆಲಸಗಳಲ್ಲಿ ಜಿಪುಣತನ ಮಾಡಬಾರದು. ತಾಮ್ರದ ವಾಷರು ಪ್ರತಿ ಸಲವೂ ಹೊಸದಿರಬೇಕು, ಹಳೆಯ ವಾಷರು ರಂಧ್ರದೊಳಗೇ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ನಾಜಲಿನ ಸೂಜಿಯೂ ಅದರ ಮೈಯೂ ಜೋಡಿಯಾಗಿಯೇ ಅರೆದು ಹೊಂದಿಸಿದವು, ಒಂದರ ಸೂಜಿಯನ್ನು ಇನ್ನೊಂದಕ್ಕೆ ಹಾಕಿದರೆ ಎರಡೂ ಹಾಳು. ತೊಳೆಯುವಾಗ ಬೇರೆ ಬೇರೆ ಬಟ್ಟಲಲ್ಲಿ ಇಡಬೇಕು. ಇಷ್ಟೆಲ್ಲ ಮಾಡಿ ಡೀಸೆಲ್ಲಿನಲ್ಲಿ ನೀರಿದ್ದರೆ ಏನೂ ಪ್ರಯೋಜನವಿಲ್ಲ. ಮಳೆಗಾಲದಲ್ಲಿ ಬ್ಯಾರಲ್ಲಿನೊಳಗೆ ತೇವ ಹನಿಗಟ್ಟಿ ತಳದಲ್ಲಿ ನಿಲ್ಲುತ್ತದೆ. ತಳದ ನಾಲ್ಕು ಬೆರಳಿನಷ್ಟನ್ನು ಜೀಪಿಗೆ ಹಾಕಬಾರದು, ಫಿಲ್ಟರಿನ ಕೆಳಗಿನ ತಿರುಪು ತೆಗೆದು ಆಗಾಗ ನೀರು ಬಸಿಯಬೇಕು. ಸೀಮೆಎಣ್ಣೆ ಬೆರೆಸುವ ಅಭ್ಯಾಸ ಇರುವವರು ಅದನ್ನು ಬಿಡಬೇಕು. ಡೀಸೆಲ್ಲಿಗಿರುವ ಜಿಡ್ಡು ಸೀಮೆಎಣ್ಣೆಗೆ ಇಲ್ಲ, ಸೂಜಿಯೂ ಪಂಪೂ ಬೇಗ ಸವೆಯುತ್ತವೆ.

ಇನ್ನು ಸಂಘಕ್ಕೆ ನಮ್ಮ ಸಲಹೆ. ನಮ್ಮ ಮಳಿಗೆಯಲ್ಲಿ ಅಗ್ಗದ ನಾಜಲು ಸೆಟ್ಟುಗಳನ್ನು ಇಟ್ಟು ಮಾರಬೇಕು ಎಂಬ ಬೇಡಿಕೆ ಕೆಲವು ಸದಸ್ಯರಿಂದ ಬಂದಿದೆ. ಸದುದ್ದೇಶವೇ ಇರಬಹುದು, ಆದರೆ ನಾವು ಅದನ್ನು ಒಪ್ಪುವುದಿಲ್ಲ. ಅದರ ಬದಲು ಸಂಘವು ಕೈಯಿಂದ ಒತ್ತುವ ಒಂದು ನಾಜಲು ಟೆಸ್ಟರನ್ನು ಕೊಳ್ಳಲಿ. ಅದೊಂದು ಸಣ್ಣ ಡೀಸೆಲ್ ತೊಟ್ಟಿ, ಒಂದು ಹಿಡಿಕೆ, ಒತ್ತಡದ ಒಂದು ಗಡಿಯಾರ, ಇಷ್ಟೇ ಇರುವ ಸಾಧನ. ನಾಜಲು ಎಷ್ಟು ಒತ್ತಡಕ್ಕೆ ತೆರೆಯುತ್ತದೆ, ಮಂಜು ಸರಿಯಾಗಿ ಹರಡುತ್ತದೆಯೇ, ತೆರೆಯುವ ಒತ್ತಡಕ್ಕಿಂತ 20 ಬಾರ್ ಕೆಳಗೆ 10 ಸೆಕೆಂಡು ಹಿಡಿದರೆ ತುದಿಯಿಂದ ಹನಿ ಬೀಳದೆ ಇರುತ್ತದೆಯೇ, ಈ ಮೂರು ಪ್ರಶ್ನೆಗೆ ಅದು ಕಣ್ಣೆದುರೇ ಉತ್ತರ ಹೇಳುತ್ತದೆ. ರೋಬಸ್ಟಾಕ್ಕೆ ಹೂವಿನ ನೀರು ಹಾಯಿಸುವ ಡೀಸೆಲ್ ಪಂಪ್‌ಸೆಟ್ಟುಗಳ ನಾಜಲನ್ನೂ ಅದರಲ್ಲೇ ನೋಡಬಹುದು. ಪಂಪು ಕ್ಯಾಲಿಬ್ರೇಶನ್ ಪೇಟೆಯ ನುರಿತವರ ಕೆಲಸ, ಅದು ಅವರಲ್ಲೇ ಇರಲಿ.

"ಟೆಸ್ಟರು ತಂದರೆ ನಡೆಸುವವರು ಯಾರು? ತುಕ್ಕು ಹಿಡಿದು ಮೂಲೆ ಸೇರುತ್ತದೆ" ಎಂದು ಆಡಳಿತ ಮಂಡಳಿಯ ಹಿರಿಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಸ್ಪ್ರೇಯರು, ಮರ ಕೊಯ್ಯುವ ಯಂತ್ರ ರಿಪೇರಿ ಮಾಡುವ ಹುಡುಗರು ನಮ್ಮ ಊರುಗಳಲ್ಲಿ ಇದ್ದಾರೆ. ಇಬ್ಬರನ್ನು ಆರಿಸಿ ಪೇಟೆಯಲ್ಲಿ ಕೆಲಸ ಕಲಿಸಲಿ. ಒಂದು ನಾಜಲಿಗೆ ಇಷ್ಟೆಂದು ಸಣ್ಣ ಶುಲ್ಕ ಇರಲಿ. ಪ್ರತಿ ಸದಸ್ಯನ ಗಾಡಿಯ ಇಂಜಿನು, ನಾಜಲಿನ ನಂಬರು, ಒತ್ತಡ ಇವಿಷ್ಟನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಲಿ. ಆ ಪಟ್ಟಿ ಸಿದ್ಧವಾದ ಮೇಲೆ ಬೇಕಾದ ನಂಬರಿನ ನಾಜಲುಗಳನ್ನು ಒಟ್ಟಾಗಿ ತರಿಸಿದರೆ ಬೆಲೆಯಲ್ಲೂ ಅನುಕೂಲ ಕೇಳಬಹುದು. ಗೊಬ್ಬರ, ಮೈಲುತುತ್ತವನ್ನು ಒಟ್ಟಾಗಿ ತರಿಸುವ ನಮಗೆ ಇದು ಹೊಸ ವಿದ್ಯೆಯಲ್ಲ.

"ಹಳೆ ಜೀಪಿಗೆ ಇಷ್ಟೆಲ್ಲ ಯಾಕೆ, ಹೊಸ ಗಾಡಿ ತೆಗೆದುಕೊಳ್ಳಬಾರದೇ?" ಎನ್ನುವವರಿಗೂ ಒಂದು ಮಾತು. ಎರಡು ಮೂರು ಎಕರೆಯ ತೋಟದಿಂದ ಮನೆ ನಡೆಸುವವನಿಗೆ ಹೊಸ ಗಾಡಿಯ ಕಂತು ಪ್ರತಿ ತಿಂಗಳೂ ಬಂದು ಬಾಗಿಲು ತಟ್ಟುತ್ತದೆ. ಅಡಿಕೆಯ ದರ, ಕಾಫಿಯ ದರ ಅವನ ಮಾತು ಕೇಳುವುದಿಲ್ಲ. ಕೈಯಲ್ಲಿರುವ ಜೀಪು ಗೊಬ್ಬರ ಹೊರುತ್ತದೆ, ಅಡಿಕೆ ಮೂಟೆ ಹೊರುತ್ತದೆ, ಆಪತ್ತಿನಲ್ಲಿ ಮನುಷ್ಯರನ್ನೂ ಹೊರುತ್ತದೆ. ಅದನ್ನು ನಂಬಿಕೆಗೆ ಯೋಗ್ಯವಾಗಿ ಇಟ್ಟುಕೊಳ್ಳುವುದು ನಮ್ಮ ಹೊಣೆ.

ಮುಂದಿನ ಮಹಾಸಭೆಯಲ್ಲಿ ಟೆಸ್ಟರಿನ ವಿಷಯವನ್ನು ನಾವು ಮಂಡಿಸಲಿದ್ದೇವೆ. ಸದಸ್ಯರು ಬಂದು ಪರವಾಗಿಯೋ ವಿರೋಧವಾಗಿಯೋ ಮಾತಾಡಬೇಕು. ಅಲ್ಲಿಯವರೆಗೆ ಒಂದು ಸಣ್ಣ ಕೆಲಸ ಮಾಡಿ. ಮುಂದಿನ ಸಲ ನಾಜಲು ಬಿಚ್ಚಿದಾಗ ಅದರ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೀಪಿನ ಕಾಗದಪತ್ರದ ಜೊತೆ ಇಡಿ, ಹಳೆಯ ನಾಜಲನ್ನು ಪರೀಕ್ಷೆಯಾಗುವವರೆಗೆ ಎಸೆಯಬೇಡಿ.