ಮಡಿಕೇರಿಯೂ ತಲೆಯೆಣಿಕೆಯೂ

ನಗರವೆಂದರೆ ಯಾವುದು ಎಂಬ ಪ್ರಶ್ನೆಗೆ ನಮ್ಮ ಕಾಯಿದೆ ಕೊಡುವ ಉತ್ತರ ಬಹು ಸರಳ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಂತೆ ಇಪ್ಪತ್ತು ಸಾವಿರ ಜನಕ್ಕೆ ಪುರಸಭೆ, ಐವತ್ತು ಸಾವಿರಕ್ಕೆ ನಗರಸಭೆ. ಮೂರು ಲಕ್ಷ ದಾಟಿದರೆ ಮಹಾನಗರಪಾಲಿಕೆ. ಜನಸಾಂದ್ರತೆ, ಬೇಸಾಯೇತರ ಉದ್ಯೋಗ ಮೊದಲಾದವು ಲೆಕ್ಕಕ್ಕೆ ಬರುತ್ತವೆಯಾದರೂ ಮೊದಲ ಪ್ರಶ್ನೆ ತಲೆಗಳೆಷ್ಟು ಎಂಬುದೇ.

ಈ ಅಳತೆಗೋಲಿಗೆ ಒಗ್ಗದ ಊರು ಮಡಿಕೇರಿ. 2011ರ ಜನಗಣತಿಯಲ್ಲಿ ಅಲ್ಲಿದ್ದವರು 33,381 ಮಂದಿ. ಆದರೂ ಅದು ನಗರಸಭೆ. ಕೊಡಗು ಜಿಲ್ಲೆಯ ಕೇಂದ್ರ. ಪದವಿಗೂ ಸಂಖ್ಯೆಗೂ ಅಲ್ಲಿ ಹಿಂದೆಯೂ ಹೊಂದಿಕೆಯಿರಲಿಲ್ಲ. 1681ರಲ್ಲಿ ಮುದ್ದುರಾಜ ಅಲ್ಲಿ ತನ್ನ ರಾಜಧಾನಿಯನ್ನು ನೆಲೆಗೊಳಿಸಿದ. 1834ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೂ ಆಡಳಿತ ಅಲ್ಲಿಂದಲೇ ನಡೆಯಿತು. 1952ರಿಂದ 1956ರವರೆಗೆ, ಮೈಸೂರು ರಾಜ್ಯದಲ್ಲಿ ವಿಲೀನವಾಗುವ ತನಕ, ಇಪ್ಪತ್ತನಾಲ್ಕು ಸದಸ್ಯರ ಶಾಸನಸಭೆಯೂ ಸಿ. ಎಂ. ಪೂಣಚ್ಚನವರಂಥ ಮುಖ್ಯಮಂತ್ರಿಯೂ ಇದ್ದ ರಾಜ್ಯವೊಂದಕ್ಕೆ ಅದೇ ರಾಜಧಾನಿ. ಹೆಸರು ಮಾತ್ರ ಕೇರಿ!

ಇಂಥ ಊರು ಬೆಳೆಯುತ್ತಿಲ್ಲವೆಂದು ಕೊರಗುವವರುಂಟು. ಇಡೀ ಜಿಲ್ಲೆಯ ಜನಸಂಖ್ಯೆಯೇ 2001ರಲ್ಲಿ 5,48,561 ಇದ್ದುದು 2011ಕ್ಕೆ 5,54,519 ಆಯಿತು. ಹತ್ತು ವರ್ಷಗಳಲ್ಲಿ ಏರಿದ್ದು ಆರು ಸಾವಿರಕ್ಕೂ ಕಡಿಮೆ. ಕೊರಗುವವರ ಗುಂಪಿಗೆ ನಾನು ಸೇರಲಾರೆ. ಮಡಿಕೇರಿ ಬೆಳೆಯುವುದಾದರೆ ಎತ್ತ ಬೆಳೆಯಬೇಕು? ಇಳಿಜಾರಿನತ್ತ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಜಾರಿದ್ದನ್ನೂ ಮಡಿಕೇರಿಯೊಳಗೇ ಮನೆಗಳು ಕುಸಿದದ್ದನ್ನೂ ಯಾರು ಮರೆತಾರು? ಅಂಥ ನೆಲದಲ್ಲಿ ಹಣವನ್ನೂ ಪದವಿಯನ್ನೂ ಜನಸಂಖ್ಯೆಗೆ ಕಟ್ಟಿಹಾಕಿದರೆ, ಇನ್ನಷ್ಟು ಮನೆ ಕಟ್ಟಿಕೊಳ್ಳಿರೆಂದು ನಾವೇ ಪ್ರೇರೇಪಿಸಿದಂತಾಗುತ್ತದೆ. ಸ್ಥಳೀಯ ಸಂಸ್ಥೆಗಳ ಅನುದಾನವನ್ನು ರಾಜ್ಯಗಳಿಗೆ ಹಂಚುವಾಗ ಹದಿನೈದನೆಯ ಹಣಕಾಸು ಆಯೋಗವು ಜನಸಂಖ್ಯೆಗೆ ನೂರಕ್ಕೆ 90ರ ಪ್ರಾಧಾನ್ಯವನ್ನೂ ವಿಸ್ತೀರ್ಣಕ್ಕೆ 10ನ್ನೂ ಕೊಟ್ಟಿತು. ನೆಲದ ಏರುತಗ್ಗಿಗೆ ಆ ಲೆಕ್ಕದಲ್ಲಿ ಸ್ಥಾನವಿರಲಿಲ್ಲ.

ನಮ್ಮ ಪೂರ್ವಿಕರ ಎಣಿಕೆ ಬೇರೆಯಿತ್ತು. ಗ್ರಾಮ, ನಗರ, ಖೇಡ, ಖರ್ವಡ, ಮಡಂಬ, ಪಟ್ಟಣ, ದ್ರೋಣಾಮುಖ ಎಂಬ ಸಾಲು ಹಳೆಯ ಶಾಸನಗಳನ್ನು ಓದಿದವರಿಗೆ ಸುಪರಿಚಿತ. ವಿದ್ಯಾರ್ಥಿಗಳು ಇದನ್ನು ಬರಿಯ ವರ್ಣನೆಯ ಪರಿಪಾಠಿಯೆಂದು ದಾಟಿಬಿಡುತ್ತಾರೆ, ಅಧ್ಯಾಪಕರೂ ದಾಟಿಸಿಬಿಡುತ್ತೇವೆ. ಆದರೆ ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ತಮ್ಮ ಸಂಸ್ಕೃತ ಆದಿಪುರಾಣದಲ್ಲಿ ಈ ಪದಗಳಿಗೆ ಲಕ್ಷಣ ಹೇಳಿದ್ದಾರೆ. ಹೊಳೆಯೂ ಬೆಟ್ಟವೂ ಸುತ್ತಿದ್ದು ಖೇಟ. ಬೆಟ್ಟ ಮಾತ್ರ ಸುತ್ತಿದ್ದು ಖರ್ವಟ. ಕಡಲ ತಡಿಯದು ಪಟ್ಟಣ. ಹೊಳೆಯ ದಡದ್ದು ದ್ರೋಣಮುಖ. ಊರು ಎಲ್ಲಿ ನಿಂತಿದೆಯೆಂದು ಅವರು ಕೇಳಿದರು. ನಾವು ಅದನ್ನು ಕೇಳುವುದನ್ನೇ ಬಿಟ್ಟೆವು.

2021ರಲ್ಲಿ ನಡೆಯಬೇಕಾಗಿದ್ದ ಜನಗಣತಿ ಆ ವರ್ಷ ನಡೆಯಲಿಲ್ಲ. ಹೊಸ ಎಣಿಕೆಯನ್ನು ಹಿಡಿದು ಊರುಗಳ ದರ್ಜೆಯನ್ನು ಮತ್ತೆ ನಿಷ್ಕರ್ಷಿಸುವಾಗ ಗುಡ್ಡದ ಊರುಗಳಿಗೆ ಪ್ರತ್ಯೇಕವಾದೊಂದು ವರ್ಗವನ್ನು ಸರ್ಕಾರ ಕಲ್ಪಿಸಲಿ. ಇಳಿಜಾರು, ಮಳೆಯ ಪ್ರಮಾಣ, ಬಂದುಹೋಗುವ ಪ್ರವಾಸಿಗರಿಂದ ನೀರು ನೈರ್ಮಲ್ಯಗಳ ಮೇಲೆ ಬೀಳುವ ಹೊರೆ, ಇವು ಅದಕ್ಕೆ ಅಳತೆಯಾಗಲಿ. ಆ ವರ್ಗಕ್ಕೆ ಹೊಸ ಹೆಸರು ಹುಡುಕುವ ಶ್ರಮವಂತೂ ಬೇಕಿಲ್ಲ.