ನರ್ಸ್ ಆಗುವವಳು ಮಾತ್ರೆ ನುಂಗಬಾರದೇ?

ಮಕ್ಕಳೇ, ಅವರ ಪಕ್ಕದಲ್ಲಿ ಕನ್ನಡಕ ಏರಿಸಿ ಕೂತಿರುವ ಅಜ್ಜ-ಅಜ್ಜಿಯರೇ, ಈ ವಾರ ಒಂದು ಪ್ರಶ್ನೆ ತಂದಿದ್ದೇನೆ. ನಮ್ಮ ಚನ್ನಗಿರಿ ಕಡೆಯ ಹುಡುಗಿಯೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ಪಿಯುಸಿಯಲ್ಲಿದ್ದಾಗ ಅವಳಿಗೆ ನಿದ್ದೆ ಬರುತ್ತಿರಲಿಲ್ಲ, ಊಟ ಸೇರುತ್ತಿರಲಿಲ್ಲ, ಸುಮ್ಮಸುಮ್ಮನೆ ಅಳು. ಮನೆಯವರು ದಾವಣಗೆರೆಯಲ್ಲಿ ಮನೋವೈದ್ಯರಿಗೆ ತೋರಿಸಿದರು. ಖಿನ್ನತೆ ಎಂದು ಹೇಳಿ ಮಾತ್ರೆ ಕೊಟ್ಟರು. ಹುಡುಗಿ ಗೆಲುವಾದಳು. ಈಗ ಅವಳ ಚಿಂತೆಯೇ ಬೇರೆ: "ಅಜ್ಜಾ, ಈ ಮಾತ್ರೆ ವಿಷಯ ಗೊತ್ತಾದ್ರೆ ನಂಗೆ ನರ್ಸ್ ಅಂತ ರಿಜಿಸ್ಟ್ರೇಷನ್ ಕೊಡ್ತಾರಾ? ಮನೇಲಿ ಮಾತ್ರೆ ನಿಲ್ಲಿಸಿಬಿಡು ಅಂತಾರೆ."

ಹೊನ್ನಾಳಿ, ನ್ಯಾಮತಿ, ಜಗಳೂರು, ಎಲ್ಲೇ ಹೋಗಿ, ನರ್ಸಿಂಗ್ ಓದುವ ಮಕ್ಕಳಿದ್ದಾರೆ. ಆದ್ದರಿಂದ ಇದು ಒಂದು ಮನೆಯ ಪ್ರಶ್ನೆಯಲ್ಲ.

ನಮ್ಮ ರಾಜ್ಯದಲ್ಲಿ ನರ್ಸಿಂಗ್ ಮುಗಿಸಿದವರು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಬೇಕು. ಕಾಲೇಜಿಗೆ ಸೇರುವಾಗ ವೈದ್ಯಕೀಯವಾಗಿ ಸಮರ್ಥರು ಎಂಬ ಪ್ರಮಾಣಪತ್ರವೂ ಬೇಕು. ಹುಡುಗಿ ಹೆದರಿದ್ದು ಇದಕ್ಕೇ. ಆದರೆ ಸಮರ್ಥರು ಎಂದರೆ ಹುಟ್ಟಿದಾಗಿನಿಂದ ಕಾಯಿಲೆಯೇ ಬಂದಿಲ್ಲ ಎಂದಲ್ಲ. ಈಗ ಓದಲು, ಕೆಲಸ ಮಾಡಲು ಆಗುತ್ತದೆ ಎಂದು. ಬ್ಯಾಂಕಿನಲ್ಲಿ ಹಣ ತೆಗೆಯಲು ಬಂದವರ ಇವತ್ತಿನ ಬಾಕಿ ನೋಡುತ್ತಿದ್ದೆವು. ಮೂರು ವರ್ಷದ ಹಿಂದೆ ಖಾತೆ ಬರಿದಾಗಿತ್ತು ಎಂದು ಯಾರನ್ನೂ ವಾಪಸ್ ಕಳಿಸಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಒಂದು, ಹಿಂದೆ ಚಿಕಿತ್ಸೆ ಪಡೆದಿದ್ದರು ಎಂಬ ಒಂದೇ ಕಾರಣಕ್ಕೆ ಒಬ್ಬರನ್ನು ಇಂದು ಅಥವಾ ಮುಂದೆ ಮನೋರೋಗಿ ಎಂದು ತೀರ್ಮಾನಿಸುವಂತಿಲ್ಲ. ಎರಡು, ಚಿಕಿತ್ಸೆಯ ವಿವರವನ್ನು ಗುಟ್ಟಾಗಿ ಇಡಿಸಿಕೊಳ್ಳುವುದು ರೋಗಿಯ ಹಕ್ಕು. ಕಾನೂನು ಹೇಳಿದ ಕೆಲವು ಸಂದರ್ಭ ಬಿಟ್ಟರೆ ವೈದ್ಯರು ಅದನ್ನು ಯಾರಿಗೂ ಹೇಳುವಂತಿಲ್ಲ.

ಮುಂದೆ ಇಂಗ್ಲೆಂಡಿಗೆ ಹೋಗುವ ಆಸೆಯಿದ್ದರೆ? ಅಲ್ಲಿನ ನರ್ಸಿಂಗ್ ಕೌನ್ಸಿಲ್ ಆರೋಗ್ಯದ ಬಗ್ಗೆ ಕೇಳುತ್ತದೆ. ಆದರೆ ಅವರು ನೋಡುವುದು, ರೋಗಿಗಳಿಗೆ ಅಪಾಯವಾಗದಂತೆ ಕೆಲಸ ಮಾಡಬಲ್ಲಳೇ ಎಂದು. ಕಾಯಿಲೆಯಿದ್ದೂ ಚಿಕಿತ್ಸೆಯಿಂದ ಹತೋಟಿಯಲ್ಲಿದ್ದರೆ ಅದೇ ಅಡ್ಡಿಯಾಗುವುದಿಲ್ಲ. ಎಲ್ಲಿಯೇ ಆಗಲಿ, ಅರ್ಜಿಯಲ್ಲಿ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ. ನಿಜ ಬರೆದು, ವೈದ್ಯರ ಪತ್ರ ಜೊತೆಗಿಡಿ. ಕೇಳದಿದ್ದನ್ನು ಊರಿಗೆಲ್ಲ ಸಾರುವುದೂ ಬೇಡ.

ನಿಜವಾದ ಅಪಾಯ ಮಾತ್ರೆ ನುಂಗುವುದರಲ್ಲಿಲ್ಲ, ಹೆದರಿ ನಿಲ್ಲಿಸುವುದರಲ್ಲಿದೆ. ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸಬಹುದು. ರಾತ್ರಿ ಪಾಳಿಯಲ್ಲಿ ಇಂಜೆಕ್ಷನ್ ಕೊಡುವ ಕೈಗೆ ನೆಮ್ಮದಿಯ ಮನಸ್ಸು ಬೇಕು. ತೀರಾ ಆಗದ ದಿನ ರಜೆ ಹಾಕಿ ಸುಧಾರಿಸಿಕೊಳ್ಳುವುದೂ ರೋಗಿಯ ಸೇವೆಯೇ.

ಹಿರಿಯರೇ, ನಮಗೂ ಒಂದು ಮಾತು. ಬಿ.ಪಿ., ಶುಗರ್ ಮಾತ್ರೆಯನ್ನು ನಾವು ಊಟದ ತಟ್ಟೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇವೆ. ಮೊಮ್ಮಗಳ ಮಾತ್ರೆಯನ್ನು ಮಾತ್ರ ಸೀರೆಯ ಮಡಿಕೆಯೊಳಗೆ ಬಚ್ಚಿಡುತ್ತೇವೆ. "ನಾಳೆ ಗಂಡು ಸಿಗೋದು ಹೇಗೆ?" ಎಂಬ ಭಯ ನಮ್ಮದು, ಅದನ್ನು ಮಗುವಿನ ತಲೆಗೆ ಕಟ್ಟುವುದು ಬೇಡ. ಜಗಳೂರು ದಾಟಿದರೆ ಸಿಗುವ ಕೂಡ್ಲಿಗಿ ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಆ ಬಳ್ಳಾರಿ ಜಿಲ್ಲೆಯಲ್ಲೇ 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಆರೋಗ್ಯ ಕೇಂದ್ರಗಳ ವೈದ್ಯರಿಗೆ, ಕಾರ್ಯಕರ್ತರಿಗೆ ಕಲಿಸಿ, ಹಳ್ಳಿಯಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಸಿಗುವಂತೆ ಮಾಡಿದರು. ಮುಂದೆ 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ನಮ್ಮ ನೆರೆಯಿಂದ ದೇಶ ಕಲಿತ ಪಾಠವನ್ನು ನಾವೇ ಮರೆಯಬಾರದು.

ನರ್ಸಿಂಗ್ ಓದುವವರಿಗೆ ಮನೋರೋಗ ಶುಶ್ರೂಷೆ ಒಂದು ವಿಷಯವೇ ಆಗಿದೆ. ಖಿನ್ನತೆಯಲ್ಲಿ ನರಳಿ ಎದ್ದವಳಿಗೆ, ನಿದ್ದೆ ಬಾರದೆ ಹೊರಳುವ ರೋಗಿಯ ಸಂಕಟ ಪುಸ್ತಕ ತೆರೆಯುವ ಮೊದಲೇ ಗೊತ್ತಿರುತ್ತದೆ. ಆ ಹುಡುಗಿಗೆ ಹೇಳಿದ್ದೇನೆ: ಮಾತ್ರೆ ಬಿಡಬೇಡ ತಾಯಿ, ಓದೂ ಬಿಡಬೇಡ.

ಮಕ್ಕಳೇ, ಈ ವಾರದ ಕೆಲಸ: ಮನೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ 14416 ಎಂದು ಬರೆಯಿರಿ. ಅದು ಟೆಲಿ ಮಾನಸ್ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಯಾರಿಗೆ ಯಾವಾಗ ಬೇಕಾಗುತ್ತದೋ ಹೇಳಲಾಗದು.